ಬರೀ ಹೊಟ್ಟೆನೋವು

ಗಲ್ಫಿನ ಬನಿಯಾಸ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಅಪೊಲೊನಿಯಾಳ ಕೈಗೆ ದೊಡ್ಡ ಹೆಸರು. "ನೋವೇ ಆಗುವುದಿಲ್ಲ ಪುಟ್ಟಾ" ಅನ್ನುತ್ತಲೇ ಸೂಜಿ ಚುಚ್ಚಿ ಮುಗಿಸಿರುತ್ತಾಳೆ. ಜೊತೆಯ ನರ್ಸ್ ಶಮೀಮ ಹಾಗಲ್ಲ. "ನೋವಾಗ್ತದೆ, ಕೈ ಕೊಡು" ಅಂತಾಳೆ, ಮಕ್ಕಳು ಮೊದಲೇ ಅರಚುತ್ತವೆ.

ಅಂಥ ಅಪೊಲೊನಿಯಾಳ ಸ್ವಂತ ಮಗಳು, ಒಂಬತ್ತನೇ ಕ್ಲಾಸಿನ ಶೆರಿಲ್, ಲಸಿಕೆ ಬೇಡವೇ ಬೇಡ ಅಂತ ಕೂತಿದ್ದಾಳೆ! ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಿರಲಿ ಅಂತ ಹಾಕುವ ಲಸಿಕೆ ಅದು. ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಯಾರು ಹೇಳಿದ್ದು? ಮೊಬೈಲಿನಲ್ಲಿ ತುಟಿಗೆ ಬಣ್ಣ ಬಳಿಯುತ್ತಾ ಭಾಷಣ ಬಿಗಿಯುವ ಯಾವಳೋ ಒಬ್ಬಳು!

"ನೀನು ಹುಟ್ಟುವ ಮೊದಲೇ ಸೂಜಿ ಹಿಡಿದವಳು ನಾನು, ಮಾರಾಯ್ತಿ!"

"ಹಾಗೆ ಹೇಳ್ಲಿಕ್ಕೇ ನಿಂಗೆ ಸ್ಯಾಲರಿ ಕೊಡೋದು, ಮಮ್ಮಾ. ಡೂ ಯುವರ್ ರಿಸರ್ಚ್."

ರಿಸರ್ಚ್ ಅಂತೆ, ರಿಸರ್ಚ್! ಸೈನ್ಸ್ ಪುಸ್ತಕ ತೆರೆಸಲಿಕ್ಕೆ ಇವಳ ಕಾಲು ಹಿಡಿಯಬೇಕು. ಅಪೊಲೊನಿಯಾಳಿಗೆ ಮೈಯೆಲ್ಲ ಉರಿಯಿತು. ಬೈದಳು, ಮೊಬೈಲ್ ಕಿತ್ತಿಟ್ಟಳು. ಗಂಡ ಹ್ಯೂಬರ್ಟನನ್ನು ಮುಂದೆ ದೂಡಿದರೆ, "ಅದು ಹೆಂಗಸರ ವಿಷಯ" ಅಂತ ಆ ಪುಣ್ಯಾತ್ಮ ಮೆಲ್ಲನೆ ಜಾರಿಕೊಂಡ.

"ಹೇಳಿ ಹೇಳಿ ಸಾಕಾಯ್ತು! ಎಲ್ಸಿ ಆಂಟಿಯ ಅವಸ್ಥೆ ನಿನಗೆ ಬರಬಾರದು ಅಂತ ಅಲ್ವಾ ನಾನು ಬಡ್ಕೊಳ್ಳೋದು?"

ಬಾಯಿ ತಪ್ಪಿ ಬಂದದ್ದು. ಶೆರಿಲ್ ತಲೆ ಎತ್ತಿದಳು. "ಆಂಟಿಗೆ ಹೊಟ್ಟೆನೋವು ಅಲ್ವಾ?"

ಮಂಗಳೂರಲ್ಲಿರುವ ಅಕ್ಕ ಎಲ್ಸಿಯ ಕಾಯಿಲೆಗೆ ಇವರ ಮನೆಯಲ್ಲಿ ಅದೇ ಹೆಸರು. ಗರ್ಭಕೋಶ ಅನ್ನುವ ಶಬ್ದವನ್ನು ಮಕ್ಕಳೆದುರು ಎತ್ತುವುದುಂಟೇ?

"ಇದೇ ಕ್ಯಾನ್ಸರ್," ಅಂದಳು ಅಪೊಲೊನಿಯಾ.

"ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ಆಂಟಿಯ ತಲೇಲಿ ಕೂದಲಿರಲಿಲ್ಲ. ನಾನು ಕೇಳಿದ್ದೆ. ಹೇನಾಗಿ ಬೋಳಿಸಿದ್ದು ಅಂದಿದ್ದಿ. ರೀಲ್‌ನವಳು ಸುಳ್ಳಿ ಅಂತಿ. ಮತ್ತೆ ನೀನು?"

ಅಪೊಲೊನಿಯಾ ಕಿತ್ತಿಟ್ಟ ಮೊಬೈಲನ್ನು ತಂದು, ಎಲ್ಸಿಯ ನಂಬರ್ ಒತ್ತಿ, ಮಗಳ ಕೈಗೆ ಕೊಟ್ಟಳು. ಶೆರಿಲ್ ರೂಮಿನ ಬಾಗಿಲು ಹಾಕಿಕೊಂಡಳು.

ಹೊರಗೆ ಬಂದಾಗ ಅವಳ ಮೂಗು ಕೆಂಪಾಗಿತ್ತು. "ಹಾಕಿಸ್ಕೊಳ್ತೇನೆ," ಅಂದಳು.

ದೇವರು ದೊಡ್ಡವನು! "ಯಲ್ಲಾ, ತಡ ಬೇಡ, ನಾಳೆಯೇ ಬಾ. ನಾನೇ ಹಾಕ್ತೇನೆ, ನೋವೇ ಆಗುವುದಿಲ್ಲ."

"ನೀನು ಬೇಡ, ಮಮ್ಮಾ. ಶಮೀಮ ಆಂಟಿ ಹಾಕ್ಲಿ. ಅವರು ನೋವಾಗ್ತದೆ ಅಂತ ಹೇಳಿಯೇ ಹಾಕ್ತಾರೆ."