ಇಳಿತದ ಹೊತ್ತಿನ ದೀಕ್ಷಾಸ್ನಾನ

ನಮ್ಮ ಹಿರಿಯ ಪಾಸ್ಟರರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಹೆಂಚಿನ ಕಾರ್ಖಾನೆಯ ಯಂತ್ರಕ್ಕೆ ಹೋಗಿದ್ದವು. ಹಾಡುವಾಗ ಎಲ್ಲರ ಚಪ್ಪಾಳೆಯ ನಡುವೆ ಅವರದೊಂದೇ ಮಂಕಾಗಿ, ಒದ್ದೆ ಬಟ್ಟೆ ಒಗೆದಂತೆ ಕೇಳುತ್ತಿತ್ತು.

ಅವರು ಕುಂದಾಪುರದ ಪೆಂತೆಕೋಸ್ತ್ ಸಭೆಯವರು. ೧೯೬೮ರಲ್ಲಿ ನನ್ನನ್ನು ಬೈಂದೂರಿಗೆ ಬೋಧಕನಾಗಿ ಕಳಿಸಿದರು. ನಾನು ಘಟ್ಟದ ಮೇಲಿನವನು. ಭಾನುವಾರ ಬಂದವರ ಎಣಿಕೆಯನ್ನು ಡೈರಿಯಲ್ಲಿ ಬರೆಯುತ್ತಿದ್ದೆ: ಮೊದಲ ವಾರ ಹದಿನಾಲ್ಕು, ಮಳೆಗಾಲ ಮುಗಿಯುವಾಗ ಐದು. ಬಿಟ್ಟು ಹೋಗುತ್ತೇನೆಂದು ಕಾಗದ ಹಾಕಿದೆ. ಉತ್ತರ ಬರಲಿಲ್ಲ, ಅವರೇ ಬಂದರು. ಹಿಂದಿನ ಚಾಪೆಯಲ್ಲಿ ಕುಳಿತು ನನ್ನ ಬೋಧನೆ ಕೇಳಿ, ಕೊನೆಗೆ ಡೈರಿ ನೋಡಿ ನಕ್ಕರು.

"ಎಂತ ಮಾರಾಯಾ, ತಲೆ ಎಣ್ಸದ್ ಸೈ. ಬಾರದಿದ್ದವ್ರ್ ಮನಿಗ್ ಹೋಯ್ದ್ಯಾ?"

ಹೋಗಿರಲಿಲ್ಲ. ಇಬ್ಬರೂ ಹೊರಟೆವು. ಪ್ರತಿ ಮನೆಯಲ್ಲೂ ಅವರು ಅಂಗಳದಲ್ಲೇ ನಿಂತು ನನ್ನನ್ನು ಒಳಗೆ ಕಳಿಸಿದರು. "ಇದ್ ನಿನ್ ಸಭೆ. ನಾ ಬರೀ ಜೊತಿಗ್ ಬಂದವ."

ಅಷ್ಟರಿಂದ ಮೂವರು ದೀಕ್ಷಾಸ್ನಾನಕ್ಕೆ ಒಪ್ಪಿದರು. ನಮ್ಮಲ್ಲಿ ಮೈಪೂರ್ತಿ ಮುಳುಗಬೇಕು. ಹಿಂದಿನ ಭಾನುವಾರ ಹೊಳೆಯಲ್ಲಿ ಉಬ್ಬರದ ನೀರು ಎದೆಮಟ್ಟ ಬಂದ ಗಂಟೆಯನ್ನು ಬರೆದಿಟ್ಟಿದ್ದೆ. ಅದೇ ಗಂಟೆಗೆ ಎಲ್ಲರನ್ನೂ ಕರೆದೆ. ವಾರ ಕಳೆದರೆ ಉಬ್ಬರದ ಹೊತ್ತಿಗೆ ಇಳಿತವಿರುತ್ತದೆಂದು ಘಟ್ಟದವನಿಗೆ ಗೊತ್ತಿರಲಿಲ್ಲ.

ಹೊಳೆಯಲ್ಲಿ ಮೊಣಕಾಲುದ್ದ ಕೆಸರು. ಬಲೆ ಒಣಗಿಸುತ್ತಿದ್ದವನೊಬ್ಬ ಕೂಗಿದ: "ಹ್ವಾಯ್ ಪಾದ್ರಿಗಳೇ, ಸ್ನಾನವಾ, ಗದ್ದೆ ನಟ್ಟಿಯಾ?"

ಮೂವರಲ್ಲಿ ಒಬ್ಬಳು ಗಂಡನ ಮನೆಯವರನ್ನು ಎದುರು ಹಾಕಿಕೊಂಡು ಬಂದಿದ್ದಳು. ಅಳತೊಡಗಿದಳು. "ಇವತ್ತ್ ತಿರ್ಗಿ ಹೋರೆ ಮತ್ತ್ ನಂಗ್ ಬಪ್ಪುಕ್ ಆತಿಲ್ಲೆ."

ಹಿರಿಯ ಪಾಸ್ಟರರು ಕುಂದಾಪುರದಿಂದ ಜ್ವರದಲ್ಲೇ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಹೊತ್ ತಪ್ ಹೇಳದ್ ನಾನ್. ಕಾಯ್ವ, ನೀರ್ ತಿರ್ಗಿ ಬತ್ತ್" ಎಂದು ಕೆಸರಿಗಿಳಿದು ಹಾಡು ಎತ್ತಿದರು. ಅವರು ಮೇಲೆ ಬರಲಿಲ್ಲವಾದ್ದರಿಂದ ಯಾರೂ ಹೋಗಲಿಲ್ಲ. ನೀರು ಸೊಂಟಕ್ಕೇರುವಾಗ ಸಂಜೆ. ಮೂವರನ್ನೂ ನನ್ನ ಕೈಯಿಂದಲೇ ಮುಳುಗಿಸಿದರು.

ಹಿಂದಿರುಗುವ ದಾರಿಯಲ್ಲಿ, ನಿಜ ಹೇಳಿಬಿಡುತ್ತೇನೆ ಎಂದೆ. ಅವರ ಹಲ್ಲು ಕಟಕಟನೆ ಕಡಿಯುತ್ತಿತ್ತು.

"ನನ್ ಮೇಲ್ ನಗಾಡ್ರೆ ನಂಗೆಂತ? ನಿನ್ ಮೇಲ್ ನಗಾಡ್ರೆ ಸಭೆ ಒಡಿತ್ತ್. ಸುಮ್ನಿರ್."

ಜ್ವರ ಎದೆಗಿಳಿಯಿತು. ಒಂಬತ್ತನೆಯ ದಿನ ತೀರಿಕೊಂಡರು. ಮಣ್ಣು ಹಾಕಿದ ಮೇಲೆ ಆ ಹೆಂಗಸು ನನ್ನ ಹತ್ತಿರ ಬಂದಳು. "ಪಾಪ, ಹೊತ್ತೊಂದ್ ಸಮಾ ನೋಡ್ಕಂಡಿದ್ರೆ ಬದ್ಕಿರ್ತಿದ್ರ್, ಅಲ್ದಾ ಪಾಸ್ಟರೇ?"

ನಾನು ಹೌದೆಂದೆ.

ಬೈಂದೂರಿನಲ್ಲಿ ಈಗ ಮೂವತ್ತೊಂದು ಜನ. ಅವಳು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನಾನು ಇನ್ನೂ ಹೇಳಿಲ್ಲ.