ಒಂಬತ್ತು ಸೆಕೆಂಡಿನ ಕರೆಗಳು

ಕೊರೊನಾ ಹಾವಳಿ ಇಳಿದ ಮರುವರ್ಷದ ಮಾತು. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿ ಇತ್ತು. ಬೆಳಗಾವಿಯಲ್ಲಿ ಪೊಲೀಸ್ ಇಲಾಖೆಯ ಒಂದು ತಾಂತ್ರಿಕ ಘಟಕದಲ್ಲಿ ನಾನು ಮಹಿಳಾ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್. ಬೆಳಿಗ್ಗೆ ಶಿವಬಸವ ನಗರದ ಮನೆಯಿಂದ ಡಬ್ಬಿ ಕಟ್ಟಿಕೊಂಡು ಸ್ಕೂಟರ್ ಹತ್ತಿದರೆ ಸಂಜೆಯವರೆಗೂ ಕಂಪ್ಯೂಟರ್ ಮುಂದೆ ಕೂತು ಮಂದಿಯ ಫೋನ್ ದಾಖಲೆ ಓದುವುದೇ ನನ್ನ ಉದ್ಯೋಗ. ಓಣಿಯವರು ನಾನು ಕಳ್ಳರನ್ನು ಬೆನ್ನಟ್ಟಿ ಹಿಡಿಯುತ್ತೇನೆ ಎಂದುಕೊಂಡಿದ್ದರು. ನಾನು ಹಿಡಿದವರೆಲ್ಲ ಎಕ್ಸೆಲ್ ಹಾಳೆಯಲ್ಲೇ ಸಿಕ್ಕವರು.

ಆ ದಾಖಲೆಗೆ ಸಿಡಿಆರ್ ಎನ್ನುತ್ತಾರೆ, ಕಾಲ್ ಡೀಟೇಲ್ ರೆಕಾರ್ಡ್. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಕರೆ ಹೋಯಿತು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಫೋನು ಆಗ ಯಾವ ಟವರಿನ ಹತ್ತಿರ ಇತ್ತು, ಇಷ್ಟು ಅದರಲ್ಲಿ ಇರುತ್ತದೆ. ಆಡಿದ ಮಾತು ಇರುವುದಿಲ್ಲ. ಮಾತೇ ಇಲ್ಲದ ಮೇಲೆ ಗುಟ್ಟು ಎಲ್ಲಿಂದ ಬಂತು ಎಂದು ನಾನು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೆ. "ನಿಮ್ಮ ಮಾತು ಯಾರ್ ಕೇಳ್ತಾರ್ರಿ? ನಾವು ಬರೇ ಅಂಕಿ ನೋಡಾವ್ರು" ಎನ್ನುತ್ತಿದ್ದೆ. ಅದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಪ್ರಕರಣ ದೊಡ್ಡದೇನಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಚ್ಛೆಯ ಎರಡು ಸಣ್ಣ ಕಾರ್ಖಾನೆಗಳಲ್ಲಿ ಎರಡು ವಾರಗಳ ಅಂತರದಲ್ಲಿ ಮೋಟಾರಿಗೆ ಸುತ್ತುವ ತಾಮ್ರದ ತಂತಿ ಕಳವಾಯಿತು. ಎರಡೂ ಸಲ ಕಾರ್ಖಾನೆಯ ವಾರದ ರಜೆಯ ದಿನ, ಹಾಡುಹಗಲಲ್ಲಿ. ಮುಂದೆ ಒಂದು ಶುಕ್ರವಾರ ಖಾನಾಪುರದ ಮೋಟಾರ್ ರಿಪೇರಿ ಅಂಗಡಿಯಲ್ಲಿ, ಮಾಲೀಕ ಊಟಕ್ಕೆ ಹೋದಾಗ ಅದೇ ಕಥೆ. ಒಂದೇ ತಂಡದ ಕೈವಾಡ ಎಂದು ಊಹಿಸಿದ ಮೇಲಧಿಕಾರಿಗಳು ಮೂರೂ ಜಾಗದ ಟವರ್ ಡಂಪ್ ತರಿಸಿ ನನ್ನ ಮೇಜಿಗೆ ಕಳಿಸಿದರು. ಟವರ್ ಡಂಪ್ ಎಂದರೆ ಆ ಹೊತ್ತಿನಲ್ಲಿ ಆ ಟವರಿನ ವ್ಯಾಪ್ತಿಯಲ್ಲಿದ್ದ ಅಷ್ಟೂ ಫೋನುಗಳ ಪಟ್ಟಿ. ಕಳ್ಳ ಅದರಲ್ಲಿ ಇರಬಹುದು, ಇರದಿರಲೂಬಹುದು. ಹಾಲು ಹಾಕುವವನು, ಬಾಣಂತಿ, ಶಾಲೆಯ ಮಾಸ್ತರರು ಮಾತ್ರ ಇದ್ದೇ ಇರುತ್ತಾರೆ. ಅವರ ಹೆಸರು ನಮ್ಮ ಮೇಜಿಗೆ ಬಂದು ಹೋದದ್ದು ಅವರಿಗೆ ಸಾಯುವತನಕ ತಿಳಿಯುವುದಿಲ್ಲ.

ಮೂರು ಪಟ್ಟಿಗಳನ್ನು ತಾಳೆ ಹಾಕಿದೆ. ಮೂರರಲ್ಲೂ ಇದ್ದ ಸಂಖ್ಯೆಗಳಲ್ಲಿ ಬಸ್ಸಿನ ಚಾಲಕರನ್ನು, ದಿನಾ ಖಾನಾಪುರದಿಂದ ಮಚ್ಛೆಗೆ ಕೆಲಸಕ್ಕೆ ಬರುವವರನ್ನು ಬಿಡುತ್ತ ಬಂದೆ. ಕೊನೆಗೆ ಒಂದು ಸಂಖ್ಯೆ ಉಳಿಯಿತು. ಅದರ ನಡತೆಯೇ ವಿಚಿತ್ರ. ವಾರವಿಡೀ ಬಂದ್ ಇರುತ್ತಿತ್ತು. ಸೋಮವಾರ ಮತ್ತು ಶುಕ್ರವಾರ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಖಾನಾಪುರದಲ್ಲಿ ಐದು ನಿಮಿಷ ಚಾಲೂ ಆಗಿ, ಮಚ್ಛೆಯ ಒಂದೇ ಸಂಖ್ಯೆಗೆ ಒಂದೇ ಕರೆ. ಎಂಟು ಸೆಕೆಂಡು, ಒಂಬತ್ತು ಸೆಕೆಂಡು, ಹೆಚ್ಚೆಂದರೆ ಹನ್ನೊಂದು. ಮತ್ತೆ ಬಂದ್. ಕಳವಾದ ಎರಡೂ ರಜೆಯ ದಿನ ಆ ಫೋನು ತಾನೇ ಮಚ್ಛೆಗೆ ಬಂದು ಮೂರು ತಾಸು ಇದ್ದು ಹೋಗಿತ್ತು.

ನನಗೆ ಹಬ್ಬವಾಯಿತು. "ಸಂಬಂಧಿಕರು ಒಂಬತ್ತು ಸೆಕೆಂಡಿನಲ್ಲಿ ಮಾತು ಮುಗಿಸುವುದಿಲ್ಲ. ಇದು ಸುಳಿವು ಕೊಡುವ ಕರೆ" ಎಂದು ಟಿಪ್ಪಣಿ ಬರೆದೆ. ಅಧಿಕಾರಿಗಳು ಬೆನ್ನು ತಟ್ಟಿದರು. ಸಿಮ್ ಇದ್ದದ್ದು ಖಾನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬರ ಹೆಸರಿನಲ್ಲಿ. ಅವರನ್ನು ಇಲ್ಲಿ ಬಸಪ್ಪಣ್ಣ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇಡ. ಕರೆ ಹೋಗುತ್ತಿದ್ದ ಸಂಖ್ಯೆ ಒಬ್ಬ ಹೆಣ್ಣುಮಗಳದು. ಅವಳ ಹೆಸರು, ಗಂಡನ ಹೆಸರು, ಮಚ್ಛೆಯ ಬಾಡಿಗೆ ಕೋಣೆಯ ವಿಳಾಸ, ಎಲ್ಲವನ್ನೂ ಮೊಬೈಲ್ ಕಂಪನಿಯಿಂದ ತರಿಸಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು, ಹಾಳೆ ತೋರಿಸಿ ಕೇಳುವುದು. ಎದುರಿಗಿರುವವನು ಸುಳ್ಳು ಹೇಳುವ ಮೊದಲೇ ನಮಗೆ ಎಲ್ಲ ಗೊತ್ತಿದೆ ಎಂದು ತೋರಿಸಿಬಿಟ್ಟರೆ ಅವನು ಅರ್ಧ ಸೋತಂತೆ. ಎಲ್ಲೂ ಬರೆದಿಟ್ಟ ನಿಯಮವಲ್ಲ. ಹಿರಿಯರಿಂದ ಕಲಿತದ್ದು, ನಾನೂ ಕಿರಿಯರಿಗೆ ಕಲಿಸಿದ್ದು. ಆ ಹಾಳೆ ಹಿಡಿದು, ಖಾನಾಪುರದವನೇ ಆದ ಕಾನ್‌ಸ್ಟೆಬಲ್ ಪರಶುರಾಮನನ್ನು ಕರೆದುಕೊಂಡು ಹೊರಟೆ.

ಗಿರಣಿಗೆ ಹೊಂದಿಕೊಂಡೇ ಮನೆ. ಬಸಪ್ಪಣ್ಣ ಹುಬ್ಬಿನ ಮೇಲಿನ ಹಿಟ್ಟು ಒರೆಸುತ್ತ ಬಂದರು. "ಬರ್ರಿ ಬಾಯಾರ, ಕುಂದರ್ರಿ. ಚಾ ತರ್ರಿ ಒಳಗಿಂದ" ಎಂದರು. ಮರ್ಯಾದಸ್ಥ ಮನುಷ್ಯ ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು.

"ಈ ನಂಬರ್ ನಿಮ್ಮ ಹೆಸರಿಲೆ ಐತ್ರಿ. ಯಾರ ಕಡೆ ಇರ್ತದ?" ಎಂದು ಕೇಳಿದೆ.

ಅವರು ನೋಡಿ ತಲೆ ಅಲ್ಲಾಡಿಸಿದರು. "ಇದು ಈಗ ಇಲ್ರಿ. ಎರಡ್ ವರ್ಷದ ಹಿಂದ ಮುರದ್ ಒಗದದ್ದು."

"ಮುರದ್ ಸಿಮ್ಮು ಮಾತಾಡಂಗಿಲ್ರಿ ಯಜಮಾನ್ರ" ಎಂದು ಗತ್ತಿನಿಂದಲೇ ಹೇಳಿ ಹಾಳೆಯನ್ನು ಅವರ ಕಡೆ ತಿರುಗಿಸಿದೆ. "ಮಚ್ಛೆದಾಗ ಈಕಿ ಯಾರು? ವಾರಕ್ಕ ಎರಡ್ ಸಲ ಈಕಿಗೆ ಯಾರ್ ಫೋನ್ ಮಾಡ್ತಾರ?" ಎಂದು ಕೇಳಿ, ಅವಳ ಹೆಸರು, ಗಂಡನ ಹೆಸರು, ಯಾವ ಕಾರ್ಖಾನೆಯ ಹಿಂದಿನ ಓಣಿ, ಯಾರ ಮನೆ, ಎಲ್ಲವನ್ನೂ ಗಟ್ಟಿಯಾಗಿ ಓದಿದೆ.

ಅವರ ಮುಖ ಒಮ್ಮೆಲೇ ಖಾಲಿಯಾಯಿತು. "ಆ ಹಾಳಿ ಇತ್ಲಾಗ ಕೊಡ್ರಿ, ಚಷ್ಮಾ ಹಾಕ್ಕೊಂಡ್ ನೋಡ್ತೀನಿ" ಎಂದರು. ಕೊಟ್ಟೆ. ಗಿರಣಿಯಿಂದ ಅವರ ತಮ್ಮ ಬಂದು ಹೆಗಲ ಹಿಂದೆ ನಿಂತು ಓದಿದ. ಅಷ್ಟರಲ್ಲಿ ಚಹಾ ಬಂದಿತ್ತು. ಅವರಿಬ್ಬರೂ ಓದಿ ಮುಗಿಸುವತನಕ ನಾನು ಆರಾಮಾಗಿ ಚಹಾ ಕುಡಿದೆ.

ಚಹಾ ತಂದವರು ಬಸಪ್ಪಣ್ಣನ ಹೆಂಡತಿ ಕಸ್ತೂರಿಬಾಯಿ. ಇದೂ ನಾನಿಟ್ಟ ಹೆಸರು. ತಾಟು ಕೈಯಲ್ಲಿ ಹಿಡಿದೇ ನಿಂತಿದ್ದರು. "ಆಕಿದೇನ್ ತಪ್ಪಿಲ್ರಿ ಬಾಯಾರ. ಫೋನ್ ನಾನ ಮಾಡಾಕಿ" ಎಂದರು. ಗಂಡನ ಕಡೆ ನೋಡಲಿಲ್ಲ.

ವಿಷಯ ಇಷ್ಟೇ. ಆ ಹೆಣ್ಣುಮಗಳು ಅವರ ಮಗಳು ಸವಿತಾ. ಈ ಕಡೆಯ ಮನೆಗಳಲ್ಲಿ ಮಗಳು ಕಾಲೇಜಿಗೆ ಹೋಗುವಾಗ ಸಿಮ್ ತೆಗೆಸುವುದು ತಂದೆಯ ಹೆಸರಿನಲ್ಲೇ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಅವಳು ಮನೆ ಬಿಟ್ಟಾಗ ಫೋನು ಇಲ್ಲೇ ಉಳಿದಿತ್ತು. ಮನೆಯವರು ಅವಳ ಹೆಸರಿಗೆ ಎಳ್ಳುನೀರು ಬಿಟ್ಟರು. ಸಿಕ್ಕರೆ ಇಬ್ಬರನ್ನೂ ಉಳಿಸುವುದಿಲ್ಲ ಎಂದು ಚಿಕ್ಕಪ್ಪ ನಾಲ್ಕು ಮಂದಿಯ ಮುಂದೆ ಆಣೆ ಮಾಡಿದ. ಆ ಸಿಮ್ ಮುರಿದು ಒಲೆಗೆ ಹಾಕು ಎಂದು ಹೆಂಡತಿಯ ಕೈಗೆ ಕೊಟ್ಟವರು ಬಸಪ್ಪಣ್ಣನೇ.

"ನಾ ಮುರೀಲಿಲ್ರಿ. ಮೆಂತ್ಯೆದ ಡಬ್ಬಿಯೊಳಗ ಇಟ್ಟಿದ್ದೆ" ಎಂದರು ಕಸ್ತೂರಿಬಾಯಿ. ಮಗಳೇ ಅಲ್ಲಿಂದ ರೀಚಾರ್ಜ್ ಹಾಕುತ್ತಿದ್ದಳಂತೆ. ಗಂಡಸರು ಉಂಡು ಅಡ್ಡಾದ ಹೊತ್ತಿನಲ್ಲಿ ಇವರು ಕರೆ ಮಾಡುತ್ತಿದ್ದರು. ಮೊಣಕಾಲಿನ ಔಷಧಕ್ಕೆ ಬೆಳಗಾವಿಗೆ ಹೋಗುತ್ತೇನೆ ಎಂದು ಹೇಳಿ, ಕಾರ್ಖಾನೆಯಲ್ಲಿ ದುಡಿಯುವ ಮಗಳ ರಜೆಯ ದಿನ ಮಚ್ಛೆಯಲ್ಲೇ ಬಸ್ಸಿಳಿಯುತ್ತಿದ್ದರು. ಕಳ್ಳರಿಗೆ ಬೇಕಾದ ರಜೆ, ತಾಯಿಗೆ ಬೇಕಾದ ರಜೆ ಎರಡೂ ಒಂದೇ ಆಗಿದ್ದವು.

"ಒಂಬತ್ ಸೆಕೆಂಡಿನ್ಯಾಗ ಏನ್ ಮಾತಾಡ್ತಿದ್ರಿ?" ಎಂದು ಕೇಳಿದೆ. ಆಗಲೂ ನನಗೆ ನನ್ನ ಟಿಪ್ಪಣಿಯದೇ ಚಿಂತೆ.

"ಉಂಡ್ಯಾ ಅಂತಿದ್ದೆ. ಉಂಡ್ನಿ ಯವ್ವಾ ಅಂತಿದ್ಲು. ಮುಂದ ಮಾತಾಡಿದ್ರ ಅಳು ಬರ್ತಿತ್ರಿ. ಅತ್ರ ಇವರು ಏಳ್ತಿದ್ರು."

ಬಸಪ್ಪಣ್ಣ ಕೂಗಾಡಲಿಲ್ಲ. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗಿಟ್ಟು, "ನಿಮ್ಮಿಂದ ಉಪಕಾರ ಆತ್ರಿ" ಎಂದರು. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಆ ಒಂದು ಉಪಕಾರದ ಮಾತಿನಷ್ಟು ಯಾವುದೂ ನನ್ನನ್ನು ಕಾಡಿಲ್ಲ.

ದಾರಿಯಲ್ಲಿ ಪರಶುರಾಮ, "ಮೇಡಂ, ಆ ಹಾಳಿ ಅವರ ಕೈಯಾಗ ಕೊಡಬಾರದಿತ್ರಿ" ಎಂದ. "ತಂದಿ ಅದಾನಪಾ, ಹುಲಿ ಅಲ್ಲ" ಎಂದು ಗದರಿದೆ. ಕಚೇರಿಗೆ ಬಂದು ಆ ಸಂಖ್ಯೆಯ ಮುಂದೆ 'ಪ್ರಕರಣಕ್ಕೆ ಸಂಬಂಧವಿಲ್ಲ' ಎಂದು ಬರೆದೆ. ಪರಶುರಾಮನ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಸಂಜೆ ನಾಲ್ಕಕ್ಕೆ ಸವಿತಾಳ ಸಂಖ್ಯೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಡ್ಯೂಟಿಯಲ್ಲಿರಬೇಕು, ನಾಳೆ ಮಾಡಿದರಾಯಿತು ಎಂದು ಮನೆಗೆ ಹೋದೆ. ಮಚ್ಛೆ ಕಚೇರಿಯಿಂದ ಎಷ್ಟು ದೂರ? ಸ್ಕೂಟರ್ ತಿರುಗಿಸಿದ್ದರೆ ಅರ್ಧ ತಾಸಿನ ದಾರಿ. ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಮಾಡಿದರೆ ಅವಳ ಫೋನು ಬಂದ್. ಹೆದರಿ ಮಚ್ಛೆಗೆ ಓಡಿದೆ. ಕೋಣೆಯ ಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿತ್ತು. ಮನೆಯೊಡತಿ, ವಯಸ್ಸಾದ ಹೆಂಗಸು, ಅಂಗಳದಲ್ಲಿ ನಿಂತಿದ್ದರು.

"ನಿನ್ನಿ ಸಂಜಿಮುಂದ ನಾಕ್ ಮಂದಿ ಬಂದಿದ್ರು ನೋಡ್ರಿ. ಒಬ್ಬಾಂವ ನಾ ಆಕಿ ಕಾಕಾ ಅಂದ. ಕೈಯಾಗ ಬಡಿಗಿ ಇದ್ವು. ಪುಣ್ಯಾ, ಇಬ್ಬರೂ ಕೆಲಸದಿಂದ ಬಂದಿರಲಿಲ್ಲ. ಹಿತ್ತಲಕ್ಕ ಹೋಗಿ ಫೋನ್ ಮಾಡಿ ಹೇಳಿದೆ, ಮನಿ ಕಡೆ ಬರಬ್ಯಾಡ್ರಿ, ಹಂಗ ಎಲ್ಲ್ಯಾರ ಹೋಗ್ರಿ ಅಂತ. ಹೋದ್ರು."

ಒಳಗೆ ಎರಡು ತಾಟು, ಒಂದು ಕುಕ್ಕರ್, ಗೋಡೆಗೆ ನೇತುಹಾಕಿದ ಕಾರ್ಖಾನೆಯ ಅಂಗಿ. ಪಾತೇಲಿಯಲ್ಲಿ ನೆನೆಹಾಕಿದ್ದ ಹೆಸರುಕಾಳು ಮೊಳಕೆಯೊಡೆದಿತ್ತು. ಅವರ ವಿಳಾಸವನ್ನು ಎರಡು ವರ್ಷ ಯಾರೂ ಪತ್ತೆ ಹಚ್ಚಿರಲಿಲ್ಲ. ಸರ್ಕಾರಿ ಕಾಗದದಲ್ಲಿ ಅಚ್ಚು ಹಾಕಿಸಿ ಮನೆಬಾಗಿಲಿಗೆ ಒಯ್ದು ಕೊಟ್ಟವಳು ನಾನು.

ಅಧಿಕಾರಿಗಳಿಗೆ ಹೇಳಿದೆ, ಮುಚ್ಚಿಡಲಿಲ್ಲ. ಚಿಕ್ಕಪ್ಪನನ್ನು ಕರೆಸಿ ತಾಕೀತು ಮಾಡಿದರು. ದೂರು ಕೊಡಲು ಯಾರೂ ಇರಲಿಲ್ಲ, ಮಾತು ಅಲ್ಲಿಗೇ ನಿಂತಿತು. ಮೂರು ವಾರದ ನಂತರ ತಾಮ್ರದ ಕಳ್ಳರು ಆಟೋ ನಗರದ ಗುಜರಿ ಅಂಗಡಿಯಲ್ಲಿ ತಂತಿ ಮಾರಲು ಹೋಗಿ ಸಿಕ್ಕಿಬಿದ್ದರು. ಕಳವಿಗೆ ಹೋಗುವಾಗ ಫೋನುಗಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರಂತೆ. ನಾನು ಕಣ್ಣು ಕೆಂಪಾಗಿಸಿಕೊಂಡು ಓದಿದ ಆ ಪಟ್ಟಿಗಳಲ್ಲಿ ಅವರು ಒಬ್ಬರೂ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಕಸ್ತೂರಿಬಾಯಿ ನಮ್ಮ ಕಚೇರಿ ಹುಡುಕಿಕೊಂಡು ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿಯ ತುದಿಯಲ್ಲಿ ಕೂತು, "ಬಾಯಾರ, ನಿಮ್ಮ ಮಷಿನ್ಯಾಗ ಒಂದ್ ಸಲ ನೋಡ್ರೆಲಾ. ಅದಾಳೋ ಇಲ್ಲೋ, ಅಷ್ಟರ ಹೇಳ್ರಿ" ಎಂದು ಕೈ ಮುಗಿದರು.

ಹಾಗೆಲ್ಲ ನೋಡಲು ಬರುವುದಿಲ್ಲ, ಹಿರಿಯ ಅಧಿಕಾರಿಯ ಮಂಜೂರಾತಿ ಬೇಕು, ಪ್ರಕರಣ ಬೇಕು ಎಂದು ಕಾಯ್ದೆ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಅವತ್ತ ನೋಡಿದ್ರೆಲ್ರಿ" ಎಂದರು. ಹದಿನೈದು ದಿನ ಬಿಟ್ಟು ಬನ್ನಿ ಎಂದೆ.

ಮುಂದಿನದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಪ್ರತಿ ಫೋನಿಗೂ ಐಎಂಇಐ ಎಂಬ ಹುಟ್ಟುಸಂಖ್ಯೆ ಇರುತ್ತದೆ. ಸಿಮ್ ಬದಲಿಸಿದರೂ ಅದು ಬದಲಾಗುವುದಿಲ್ಲ. ಸವಿತಾಳ ಫೋನಿನ ಆ ಸಂಖ್ಯೆ ನನ್ನ ಕಡತದಲ್ಲಿತ್ತು. ಕಳೆದುಹೋದ ಮೊಬೈಲುಗಳ ಪಟ್ಟಿ ವಾರಕ್ಕೊಮ್ಮೆ ಸಹಿಯಾಗಿ ಕಂಪನಿಗಳಿಗೆ ಹೋಗುತ್ತಿತ್ತು. ಅದರಲ್ಲಿ ಒಂದು ಸಾಲು ಹೆಚ್ಚು ಸೇರಿಸಿದೆ. ಸಹಿ ಮಾಡುವವರು ಸಾಲು ಸಾಲಾಗಿ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಉತ್ತರ ಬಂತು. ಹೊಸ ಸಿಮ್, ಬೇರೆ ಜಿಲ್ಲೆ, ಒಂದು ಊರಿನ ಟವರು. ಫೋನು ದಿನಾ ಚಾಲೂ ಇತ್ತು.

ಹದಿನೈದನೆಯ ದಿನವೇ ಕಸ್ತೂರಿಬಾಯಿ ಬಂದರು.

"ಅದಾಳ್ರಿ" ಎಂದೆ. "ಫೋನ್ ಚಾಲೂ ಐತಿ. ಆರಾಮ ಅದಾಳ ಅಂತನ ತಿಳೀರಿ."

ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ, "ಯಾವೂರಾಗ್ರಿ?" ಎಂದರು.

"ಅದನ್ನ ಹೇಳಂಗಿಲ್ರಿ. ನಿಮಗ ಗೊತ್ತಾದ್ರ ನೀವು ಹೋಗದ ಇರಂಗಿಲ್ಲ. ನೀವು ಹೋದ್ರ ಅವರು ನಿಮ್ಮ ಬೆನ್ನಿಗೇ ಬರ್ತಾರ." ನಾನು ಹೇಳಿದ್ದು ಸರಿ ಎಂದು ಇಂದಿಗೂ ಅನಿಸುತ್ತದೆ. ಹಾಗೆ ಹೇಳುವ ಹಕ್ಕು ನನಗಿತ್ತೇ ಎಂಬುದು ಬೇರೆ ಮಾತು.

ಅವರು ಸಿಟ್ಟಾಗಲಿಲ್ಲ. ಲೆಕ್ಕ ತಪ್ಪಿದವರಂತೆ ನನ್ನನ್ನೇ ನೋಡಿ, "ಹಡದಾಕಿ ನಾನು. ಆಕಿ ಎಲ್ಲಿ ಅದಾಳ ಅನ್ನೂದು ನಿಮಗ ಗೊತ್ತೈತಿ, ನನಗ ಗೊತ್ತಿಲ್ಲ. ಇದು ಯಾವ ನ್ಯಾಯಾರೀ ಬಾಯಾರ?" ಎಂದರು. ಎದ್ದು ಹೋದರು. ಮತ್ತೆ ಬರಲಿಲ್ಲ.

ಆ ಉತ್ತರದ ಹಾಳೆಯನ್ನು ಚೂರು ಮಾಡಿದೆ, ಕಂಪ್ಯೂಟರಿನಿಂದ ಅಳಿಸಿದೆ. ನಿವೃತ್ತಿಯ ದಿನ ಶಾಲು ಹೊದಿಸಿ ನನ್ನ ಕೆಲಸವನ್ನು ಹೊಗಳಿದರು. ಮೂವತ್ತು ವರ್ಷ ಇನ್ನೊಬ್ಬರ ಬದುಕನ್ನು ಬಗೆಯುವುದನ್ನು ಕಲಿತೆ. ಬಗೆದು ತಿಳಿದುಕೊಂಡದ್ದನ್ನು ಮರೆಯಲು ಮಾತ್ರ ಬರುವುದಿಲ್ಲ ಎಂಬುದು ಕೆಲಸ ನನಗೆ ಕಲಿಸಿದ ಕೊನೆಯ ಪಾಠ. 'ಬರೇ ಅಂಕಿ' ಎಂದು ಈಗ ಯಾರಾದರೂ ಅಂದರೆ ನನಗೆ ಕಳ್ಳರು ನೆನಪಾಗುವುದಿಲ್ಲ, ಮೊಳಕೆಯೊಡೆದ ಹೆಸರುಕಾಳು ನೆನಪಾಗುತ್ತದೆ.

ಕಳೆದ ವರ್ಷ ತಂಗಿಯನ್ನು ಕಳಿಸಲು ಬೆಳಗಾವಿ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಖಾನಾಪುರದ ಬಸ್ಸಿಗೆ ಕಾಯುವವರ ನಡುವೆ ಕಸ್ತೂರಿಬಾಯಿ ನಿಂತಿದ್ದರು. ಬಹಳ ಸೊರಗಿದ್ದರು. ನಾನು ಕಂಬದ ಹಿಂದೆ ಸರಿದೆ. ಅಷ್ಟರಲ್ಲಿ ಅವರ ಎದುರಿಗೇ ಇನ್ನೊಂದು ಬಸ್ಸು ಬಂದು ನಿಂತಿತು. ಅದರ ಹಣೆಯ ಮೇಲೆ ಸವಿತಾಳ ಫೋನು ಚಾಲೂ ಇದ್ದ ಆ ಊರಿನ ಹೆಸರಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಆ ಹೆಸರನ್ನು ಮೂರು ನಾಲ್ಕು ಸಲ ಕೂಗಿದ. ಕಸ್ತೂರಿಬಾಯಿ ತಲೆಯೆತ್ತಿ ಬೋರ್ಡು ಓದಿದರು, ತಮ್ಮ ಬಸ್ಸಲ್ಲ ಎಂದು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟರು.