ಉಡಿಯಲ್ಲಿ ಹಾಕಿದ ಮಗಳು

ಅಥವಾ ಹೆಡ್ ಮೇಡಂ ಹಾಗೆ ಅಂದೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಂತೂ, ಹಳಿಯಾಳದ ಆ ಶಾಲೆಯ ಮೊದಲ ದಿನ, ಪ್ರಾರ್ಥನೆಯ ಸಾಲಿನೆದುರು ನಿಂತು ಹೇಳುತ್ತಾರೆ: “ಯಾರ್ದರ ತಲೀ ಕೆಟ್ಟಿದ್ರ ಈ ಮೈಸೂರು ಮೇಡಂ ಕಡೆ ಬರ್ರಿ.” ಮಕ್ಕಳು ನಕ್ಕರು. ಆ ನಗು ಮಾತ್ರ ಖಂಡಿತ ನಿಜ.

ಮೈಸೂರಿನಲ್ಲಿ ಆಪ್ತಸಮಾಲೋಚಕಿಯಾದ ನನ್ನ ಕೋಣೆಗೆ ಬಾಗಿಲಿತ್ತು. ಇಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳ ಪಕ್ಕ ಎರಡು ಕುರ್ಚಿ. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ದಾಂಡೇಲಿಯ ಬಾಡಿಗೆ ಮನೆಯಲ್ಲಿ ಕಾಗದ ಕಾರ್ಖಾನೆಯ ವಾಸನೆ ಹದಿನೈದು ದಿನಕ್ಕೆ ರೂಢಿಯಾಯಿತು. ಜೋಳದ ರೊಟ್ಟಿ ತಟ್ಟಲು ಮೂರು ತಿಂಗಳು ಬೇಕಾಯಿತು. ಮೊದಲ ಸಲ ಹರಿಯದೆ ಉಬ್ಬಿದ ರೊಟ್ಟಿಯನ್ನು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೊದಲು ಇಡೀ ತರಗತಿಯೊಡನೆ ಮಾತು, ಆಮೇಲೆ ನಾಲ್ಕೈದು ಮಕ್ಕಳ ಗುಂಪು, ಅದೂ ಸಾಲದಾದಾಗ ಮಾತ್ರ ಒಬ್ಬರನ್ನೇ ಕೂರಿಸಿ ಚಿಕಿತ್ಸೆ. ನಾನು ಕಲಿತದ್ದು ಹೀಗೆ. ಒಂಬತ್ತನೆಯ ತರಗತಿಯ ರೇಣುಕಾ ಗುಂಪಿನಲ್ಲಿ ಕೂತದ್ದು ಎರಡೇ ಸಲ. ಬಿಸಿಯೂಟ ಬಿಟ್ಟಿದ್ದಳು. ನಾನು ಕಾಯಲಿಲ್ಲ, ಒಬ್ಬಳನ್ನೇ ಕರೆದೆ.

“ಯಾರಿಗೂ ಹೇಳಾಂಗಿಲ್ಲ ಅಲ್ರೀ?”

“ಹೇಳಲ್ಲ.”

ಮನೆ ಬಿಟ್ಟು ಹೋಗಿ ಮದುವೆಯಾದ ಅಕ್ಕನ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ. ಗೆಳತಿಯ ಫೋನಿನಲ್ಲಿ ಇವಳು ಅಕ್ಕನ ಜೊತೆ ಮಾತಾಡುತ್ತಾಳೆ. ಅಷ್ಟೇ ಗುಟ್ಟು. ಹೇಳಿಕೊಂಡ ವಾರ ಅನ್ನ ಉಂಡಳು.

ಆ ಖುಷಿ ತಡೆಯಲಾರದೆ, ದಿನಾ ತಮ್ಮ ಬುತ್ತಿಯಲ್ಲಿ ನನಗೆ ಪಾಲು ಕೊಡುತ್ತಿದ್ದ ಹೆಡ್ ಮೇಡಂಗೆ ಹೇಳಿದೆ. ನಮ್ಮಲ್ಲೇ ಇರಲಿ ಎಂದೆ. ಹೂಂ ಎಂದು ತಲೆಯಾಡಿಸಿದರು. ಸೋಮವಾರ ರೇಣುಕಾ ಬರಲಿಲ್ಲ. ಫೋನಿನ ವಿಷಯ ತಿಳಿದ ತಾಯಿ ಅವಳನ್ನು ಶಾಲೆ ಬಿಡಿಸಿ ಮುಂಡಗೋಡ ತಾಲೂಕಿನ ಮಳಗಿಗೆ, ಅಜ್ಜಿಯ ಮನೆಗೆ ಕಳಿಸಿದ್ದಳು.

“ನೀವು ಮಾತು ಕೊಟ್ಟಿದ್ರಿ,” ಎಂದೆ.

“ನೀವೂ ಆಕಿಗೆ ಕೊಟ್ಟಿದ್ರಲ್ಲಾ?” ಹೆಡ್ ಮೇಡಂ ಡಬ್ಬಿಯ ಮುಚ್ಚಳ ತೆಗೆಯುತ್ತ ಅಂದರು. “ಅವರವ್ವ ಮಗಳನ್ನ ನನ್ನ ಉಡ್ಯಾಗ ಹಾಕ್ಯಾಳ್ರೀ. ಮುಚ್ಚಿಟ್ರ ಶಿವ ಮೆಚ್ಚತಾನೇನು? ತಗೋರಿ, ಪಲ್ಯ ಹಾಕ್ಕೋರಿ.”

ಉಡಿ ಎಂದರೆ ಮಡಿಲು. ಇಲ್ಲಿ ಹೆತ್ತವರು ಮಗಳನ್ನು ಶಾಲೆಗೆ ಸೇರಿಸಿ ಸುಮ್ಮನಾಗುವುದಿಲ್ಲ, ಟೀಚರ್ ಉಡಿಯಲ್ಲಿ ಹಾಕುತ್ತಾರೆ. ಇದು ಮೊದಲೇ ತಿಳಿದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಅಂದುಕೊಳ್ಳುತ್ತೇನೆ. ಆ ದಿನ ಪಲ್ಯ ಹಾಕಿಸಿಕೊಳ್ಳಲಿಲ್ಲ.

ರೇಣುಕಾಳ ಗೆಳತಿ ಬಂದು ಹೇಳಿದಳು: “ಇನ್ನ ಯಾರ ಕೂಡನೂ ಮಾತಾಡಂಗಿಲ್ಲಂತ್ರೀ ಆಕಿ. ನಿಮಗ ಹೇಳಂದ್ಳು.”

ಮೈಸೂರಿಗೆ ಹೋದರೆ ತಂಗಿ ಅಣಕಿಸುತ್ತಾಳೆ: “ಏನಕ್ಕ, ಎಲ್ಲದಕ್ಕೂ ರೀ ರೀ ಅಂತೀಯ!” ಇಲ್ಲಿ ನಾನು ಬಾಯಿ ತೆರೆದ ಕೂಡಲೇ ಹೊರಗಿನವಳು. ಇನ್ನೆರಡು ವಾರ ಗುಂಪಿನಲ್ಲೇ ಬಿಟ್ಟಿದ್ದರೆ ರೇಣುಕಾ ತಾನಾಗಿ ಉಣ್ಣುತ್ತಿದ್ದಳೇ? ಅಷ್ಟು ಬೇಗ ಅವಳೊಬ್ಬಳನ್ನೇ ಕರೆದದ್ದು ಅವಳ ಹಸಿವಿಗೋ, ಈ ಊರಲ್ಲಿ ಯಾರಾದರೂ ನನ್ನೊಡನೆ ಮನಸ್ಸು ಬಿಚ್ಚಲೆಂದೋ? ಗೊತ್ತಿಲ್ಲ. ಮಳಗಿಯಲ್ಲಿ ಅವಳು ಊಟ ಮಾಡುತ್ತಾಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.